ಮೂರನೇ ಸಲ ಕೇಳುವವರೆಗೆ

“ಮೇಷ್ಟ್ರೇ, ಇಂಗ್ಲಿಷ್‌ನಲ್ಲಿ ಒಂದ್ಸಲ ಬೇಡ ಅಂದ್ಬಿಟ್ರೆ ಅದು ಬೇಡಾನೇನಾ?”

ಭಾನುವಾರ ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕೂರುವ ಮೊದಲೇ ಮುನಿತಾಯಮ್ಮ ಕೇಳಿದ ಪ್ರಶ್ನೆ ಇದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಕರ್ತರಿ, ಕರ್ಮಣಿ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ಕೂತ್ಕೋ ತಾಯಿ, ಏನಾಯ್ತು ಹೇಳು” ಅಂದೆ.

ನನ್ನ ಹೆಂಡತಿ ಪಾಪಮ್ಮ ಒಳಗಿನಿಂದ, “ಮುನಿತಾಯಿ, ಕಾಫಿ ಕುಡೀತೀಯಾ?” ಅಂದಳು.

“ಬ್ಯಾಡ ಪಾಪಕ್ಕ, ಈಗ ತಾನೇ ಕುಡ್ಕೊಂಡ್ ಬಂದೆ.”

“ಒಂದರ್ಧ ಲೋಟ ಕುಡಿಯೇ.”

“ಅಯ್ಯೋ, ಯಾಕಕ್ಕ ಸುಮ್ನೆ ತೊಂದ್ರೆ.”

“ಕುಡಿಯೇ, ಅದೇನ್ ತೊಂದ್ರೆ.”

“ಹಂಗಾದ್ರೆ ಒಂಚೂರು ಕೊಡಿ.”

ಒಂಚೂರು ಅಂದರೆ ತುಂಬಿದ ಲೋಟ ಎಂದು ಪಾಪಮ್ಮನಿಗೆ ಗೊತ್ತು. ಮುನಿತಾಯಮ್ಮ ಮನೆಯಿಂದ ಕಾಫಿ ಕುಡಿಯದೆ ಬಂದಿದ್ದಾಳೆ ಎನ್ನುವುದೂ ಗೊತ್ತು. ಬೂದಿಗೆರೆ ಸುತ್ತಮುತ್ತಲ ಯಾವ ಮನೆಯಲ್ಲಾದರೂ ಇದು ಹೀಗೇ ನಡೆಯಬೇಕು. ಮೊದಲ ಸಲವೇ ಹೂಂ ಅಂದವಳು ಹೊಟ್ಟೆಬಾಕಿ. ಮೂರನೇ ಸಲವೂ ಬೇಡ ಅಂದವಳಿಗೆ ಏನೋ ಮುನಿಸು. ನಡುವಿನ ಆ ಎರಡು ‘ಬೇಡ’ಗಳಿಗೆ ಅರ್ಥವೇ ಇಲ್ಲ, ಅವು ಬರೀ ಮರ್ಯಾದೆ. ಇಷ್ಟು ವರ್ಷ ಇದನ್ನು ನಾನೂ ಆಡಿದ್ದೇನೆ, ಯೋಚಿಸಿರಲಿಲ್ಲ.

ಲೋಟ ಕೈಗೆ ಬಂದ ಮೇಲೆ ಅವಳು ವಿಷಯ ಹೇಳಿದಳು.

ಮುನಿತಾಯಮ್ಮ ಏಳು ವರ್ಷದಿಂದ ಕೆಲಸ ಮಾಡುತ್ತಿರುವುದು ಊರಾಚೆಯ ನಾಯಿ ಹಾಸ್ಟೆಲಿನಲ್ಲಿ. ಅದಕ್ಕೊಂದು ಚೆಂದದ ಇಂಗ್ಲಿಷ್ ಹೆಸರಿದೆ, ಊರವರು ಮಾತ್ರ ನಾಯಿ ಹಾಸ್ಟೆಲ್ ಅಂತಲೇ ಕರೆಯುವುದು. ವಿಮಾನ ಹತ್ತುವ ಬೆಂಗಳೂರಿನವರು ಹೋಗುವಾಗ ತಮ್ಮ ನಾಯಿಗಳನ್ನು ಇಲ್ಲಿ ಬಿಟ್ಟು, ಬರುವಾಗ ಕರೆದುಕೊಂಡು ಹೋಗುತ್ತಾರೆ. ಅದನ್ನು ಕಟ್ಟಿದವರು ಹೆಲೆನ್ ಮೇಡಂ, ಇಂಗ್ಲೆಂಡಿನವರು, ಅರವತ್ತರ ಹತ್ತಿರದ ಹೆಂಗಸು. ಮುನಿತಾಯಮ್ಮ ಅಲ್ಲಿ ಅನ್ನ, ಕೋಳಿ ಬೇಯಿಸುತ್ತಾಳೆ, ಔಷಧಿ ಹಾಕುತ್ತಾಳೆ, ಊರು ಬಿಟ್ಟ ದುಃಖಕ್ಕೆ ತಿನ್ನದೆ ಮಲಗಿದ ನಾಯಿಯ ಪಕ್ಕ ಕೂತು ತುತ್ತು ಮಾಡಿ ತಿನ್ನಿಸುತ್ತಾಳೆ. ಅವಳಿಗೆ ಒಂದು ಗುರ್ ಅಂದ ನಾಯಿಯನ್ನು ನಾನು ಕಂಡಿಲ್ಲ. ನನ್ನ ಕಂಡರೆ ಎಲ್ಲವೂ ಗುರ್ ಅನ್ನುತ್ತವೆ.

ಅವಳ ಇಂಗ್ಲಿಷು ಅಲ್ಲೇ ಕಲಿತದ್ದು. ಮೊದಲ ವರ್ಷ ಅವಳಿಗಿಂತ ನಾಯಿಗಳಿಗೇ ಹೆಚ್ಚು ಇಂಗ್ಲಿಷ್ ಬರುತ್ತಿತ್ತು. ಮೇಡಂ ದಿನಾ ಬೆಳಿಗ್ಗೆ “ಹೌ ಆರ್ ಯೂ?” ಅಂದರೆ, ಪಾಪ ಇಷ್ಟು ಕಾಳಜಿಯಿಂದ ಕೇಳುತ್ತಾರಲ್ಲ ಎಂದು ಒಂದು ದಿನ ಮಂಡಿನೋವು, ಅದಕ್ಕೆ ಹಚ್ಚಿದ ಎಣ್ಣೆ, ಆ ಎಣ್ಣೆ ಕೊಟ್ಟ ನಂದಗುಡಿಯ ನಾದಿನಿ, ಆ ನಾದಿನಿಯ ಗಂಡನ ಕುಡಿತ, ಎಲ್ಲವನ್ನೂ ಕೈಸನ್ನೆ ಮಾಡಿ ಹೇಳಿದಳು. ಮೇಡಂ ನಡುವೆ ಬಾಯಿ ಹಾಕದೆ ಕೊನೆಯವರೆಗೂ ನಿಂತು ಕೇಳಿದರು. ಅಷ್ಟರಲ್ಲಿ ನಾಯಿಗಳ ಹಾಲು ಉಕ್ಕಿ ಒಲೆಯೆಲ್ಲ ತೊಳೆದುಹೋಯಿತು. ಆಮೇಲೆ ಅವಳೇ ಕಂಡುಕೊಂಡಳು. “ನಾವು ಊಟ ಆಯ್ತಾ ಅಂತೀವಲ್ಲ ಮೇಷ್ಟ್ರೇ, ಹಂಗೇ ಅದು. ಏನ್ ಸಾರು ಅಂತ ಯಾರ್ಗೂ ಬೇಕಾಗಿಲ್ಲ. ಫೈನ್ ಅನ್ಬೇಕು, ಅವ್ರನ್ನ ತಿರುಗಿ ಕೇಳ್ಬೇಕು, ಮುಗೀತು.” ಪಠ್ಯಪುಸ್ತಕದಲ್ಲಿ ಇದನ್ನು ಹೀಗೆ ಬರೆದವರನ್ನು ನಾನು ನೋಡಿಲ್ಲ.

ಥ್ಯಾಂಕ್ಯೂ ಅಂದರೆ ಅವಳಿಗೆ ಬಹಳ ಕಾಲ ಭಯವಾಗುತ್ತಿತ್ತಂತೆ. ತಟ್ಟೆ ಕೊಟ್ಟರೆ ಥ್ಯಾಂಕ್ಯೂ, ಬಾಗಿಲು ತೆಗೆದರೆ ಥ್ಯಾಂಕ್ಯೂ. ನಮ್ಮಲ್ಲಿ ಮನೆಯವರಿಗೆ ಯಾರು ಹಾಗನ್ನುತ್ತಾರೆ? ಲೆಕ್ಕ ಚುಕ್ತಾ ಮಾಡಿ ಕಳಿಸುವ ಹಾಗೆ ಕೇಳುತ್ತದೆ. ಅದಕ್ಕೆ ಅವಳು “ಅಯ್ಯೋ ಬಿಡಿ ಮೇಡಂ” ಅನ್ನುತ್ತಿದ್ದಳು. ಅದು ‘ವೆಲ್‌ಕಂ’ ಆಗಲು ಎರಡು ವರ್ಷ ಬೇಕಾಯಿತು.

ಇನ್ನೂ ಕಷ್ಟವಾದದ್ದು ಫೋನಿನ ಮಾತು. ಸಿಂಗಾಪುರದಿಂದ ಯಾರೋ ತಮ್ಮ ನಾಯಿಯನ್ನು ನೋಡಲು ವಿಡಿಯೋ ಕಾಲ್ ಮಾಡುತ್ತಾರೆ. ಅವರು ಮಾತಾಡುತ್ತಿದ್ದರೆ ಇವಳು ನಮ್ಮ ಪದ್ಧತಿಯಂತೆ “ಹೂಂ... ಹೂಂ...” ಎಂದು ಹೂಂಗುಟ್ಟುತ್ತಾಳೆ. ಹೂಂಗುಟ್ಟದಿದ್ದರೆ ನಮ್ಮ ಜನ “ಕೇಳಿಸ್ಕೊಳ್ತಿದೀಯೋ ಇಲ್ವೋ” ಎಂದು ಬೈಯುತ್ತಾರೆ. ಆ ಕಡೆಯವರಿಗೋ, ಇವಳು ಏನೋ ಹೇಳಲು ಹೊರಟಿದ್ದಾಳೆ ಅನ್ನಿಸಿ ತಟ್ಟನೆ ನಿಲ್ಲಿಸುತ್ತಾರೆ. ಇವಳೂ ಸುಮ್ಮನೆ, ಅವರೂ ಸುಮ್ಮನೆ. ಮತ್ತೆ ಇಬ್ಬರೂ ಒಟ್ಟಿಗೆ ಶುರು. ನಮ್ಮೂರ ಹಾಲಿನ ಡೇರಿಯ ಮುಂದೆ ಐದು ಜನ ಒಟ್ಟಿಗೆ ಮಾತಾಡಿದರೂ ಐವರಿಗೂ ಎಲ್ಲವೂ ಅರ್ಥವಾಗುತ್ತದೆ. ಇಂಗ್ಲಿಷಿನವರಿಗೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು, ನಲ್ಲಿಯಲ್ಲಿ ಸರದಿ ನಿಂತ ಹಾಗೆ. ಅದನ್ನೂ ಮುನಿತಾಯಮ್ಮ ಕಲಿತಳು, ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ಕಲಿತಳು.

ಇಷ್ಟೆಲ್ಲ ಕಲಿತವಳು ಎಡವಿದ್ದು ಮಾತ್ರ ಕಾಫಿ ಲೋಟದಂಥ ಸಣ್ಣ ಜಾಗದಲ್ಲಿ.

ಹಿಂದಿನ ದಿನ, ಶನಿವಾರ, ಮೇಡಂ ಅವಳನ್ನು ವರಾಂಡದಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. ಇಂಗ್ಲೆಂಡಿನಲ್ಲಿ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ತಾನು ಆರು ತಿಂಗಳು ಹೋಗಲೇಬೇಕು. ನೀನು ಇದನ್ನೆಲ್ಲ ವಹಿಸಿಕೊಂಡು ಇನ್‌ಚಾರ್ಜ್ ಆಗುತ್ತೀಯಾ, ಕೆಲಸಕ್ಕೆ ಇನ್ನಿಬ್ಬರನ್ನು ನೀನೇ ಆರಿಸಿಕೋ, ಎಂದು ನಿಧಾನವಾಗಿ, ಅವಳಿಗೆ ತಿಳಿಯುವ ಇಂಗ್ಲಿಷಿನಲ್ಲಿ ಕೇಳಿದರು.

“ನೀನೇನಂದೆ?” ಅಂದೆ.

“ಇನ್ನೇನಂತಾರೆ? ನೋ ನೋ ಮೇಡಂ, ಅಂದೆ.”

“ಅದಕ್ಕವರು?”

“ಓಕೆ, ಐ ಅಂಡರ್‌ಸ್ಟ್ಯಾಂಡ್, ಅಂದ್ರು. ಭುಜ ತಟ್ಟಿ ಎದ್ದೋದ್ರು ಮೇಷ್ಟ್ರೇ! ನಾನು ಅದೇ ಕುರ್ಚಿ ಮೇಲೆ ಕೂತಿದ್ದೆ. ಬರ್ತಾರೆ, ಇನ್ನೊಂದ್ಸಲ ಕೇಳ್ತಾರೆ ಅಂತ. ಎರಡನೇ ಸಲಕ್ಕೆ ‘ನನ್ ಕೈಲಾಗುತ್ತಾ ಮೇಡಂ’ ಅನ್ನೋದು, ಮೂರನೇ ಸಲಕ್ಕೆ ಹೂಂ ಅನ್ನೋದು ಅಂತ ಎಲ್ಲಾ ಮನಸ್ಸಲ್ಲೇ ಇಟ್ಕೊಂಡಿದ್ದೆ. ನಾಯಿಗಳು ಊಟಕ್ಕೆ ಕಿರುಚ್ಕೊಳ್ಳೋ ತನಕ ಕೂತಿದ್ದೆ. ಬರ್ಲೇ ಇಲ್ಲ.”

ಭಾನುವಾರ ಬೆಳಿಗ್ಗೆ ಸಿಟಿಯಿಂದ ಯಾವುದೋ ಏಜೆನ್ಸಿಯವರು ಬಂದು ಗೂಡುಗಳನ್ನೆಲ್ಲ ನೋಡಿ, ಫೋಟೋ ತೆಗೆದುಕೊಂಡು ಹೋದರಂತೆ. ಇನ್ನು ಮುಂದೆ ಕೆಲಸಕ್ಕೂ ಅವರದೇ ಆಳುಗಳಂತೆ. ಮಂಗಳವಾರ ಹನ್ನೊಂದು ಗಂಟೆಗೆ ಕಾಗದಕ್ಕೆ ಸಹಿ. ಅಂದರೆ ಇನ್‌ಚಾರ್ಜ್ ಜಾಗ ಕೈತಪ್ಪುವುದಷ್ಟೇ ಅಲ್ಲ, ಇದ್ದ ಕೆಲಸವೂ ಹೋಗುತ್ತದೆ.

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. “ಇಂಗ್ಲಿಷಿನವರ ಲೆಕ್ಕ ನಮ್ಮದಕ್ಕೆ ಉಲ್ಟಾ ಕಣಮ್ಮ” ಅಂದೆ. “ಅವರಲ್ಲಿ ಹೂಂ ಅನ್ನೋರು ತಕ್ಷಣ ಅಂತಾರೆ. ಬೇಡ ಅನ್ನೋರೇ ಎಳೀತಾರೆ. ವೆಲ್... ಅಂತಾರೆ, ಆಸೆ ಇತ್ತು ಆದ್ರೆ... ಅಂತಾರೆ, ಸುತ್ತಿ ಬಳಸಿ ಕೊನೇಲಿ ಬೇಡ ಅಂತಾರೆ. ನೀನು ತಟ್ಟನೆ ನೋ ನೋ ಅಂದ್ರೆ, ಇವಳಿಗೆ ಸುತಾರಾಂ ಇಷ್ಟ ಇಲ್ಲ ಅಂತ ತಿಳ್ಕೊಂಡಿರ್ತಾರೆ. ಮತ್ತೆ ಕೇಳಿದ್ರೆ ಬಲವಂತ ಮಾಡಿದ ಹಾಗಾಗುತ್ತೆ ಅಂತ ಸುಮ್ನಾಗಿದ್ದಾರೆ. ಅದು ಅವರ ಮರ್ಯಾದೆ.”

“ಅವ್ರ ಮರ್ಯಾದೆ, ನಮ್ ಮರ್ಯಾದೆ, ಎರಡೂ ಸೇರ್ಕೊಂಡು ನನ್ ಕೆಲಸ ಕಳೀತಲ್ಲ” ಅಂದಳು ಮುನಿತಾಯಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೂ ಪಾಪಮ್ಮ ಬಿಡಲಿಲ್ಲ. “ಅದಕ್ಕೇನೀಗ, ನೀನೇ ಹೋಗಿ, ತಪ್ಪಾಯ್ತು ಮೇಡಂ, ಮಾಡ್ತೀನಿ ಅನ್ನು” ಅಂದಳು.

“ನಾನಾಗಿ ಹೋಗಿ ಕೇಳೋದಾ? ಥೂ, ಆಸೆಬುರುಕಿ ಅನ್ನಲ್ವಾ?” ಎಂದು ಲೋಟ ಕೆಳಗಿಟ್ಟಳು. ಆಮೇಲೆ ತಲೆ ಎತ್ತದೆ ಹೇಳಿದಳು. “ಕೆಲಸ ಹೋದ್ರೆ ಇನ್ನೊಂದು ಸಿಗ್ತದೆ ಪಾಪಕ್ಕ. ಆದ್ರೆ ನನಗೆ ನಲವತ್ತೆಂಟು ವರ್ಷ. ನಿನಗೆ ಇಷ್ಟಾನಾ ಅಂತ ಒಬ್ರು ಕೇಳಿದ್ದು ಇದೇ ಮೊದಲು. ಆ ಒಂದ್ಸಲಕ್ಕೂ ಬೇಡ ಅಂದ್ಬಂದಿದೀನಲ್ಲ.”

ಅದು ಸುಳ್ಳಲ್ಲ. ಎಂಟನೇ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಪರೀಕ್ಷೆಗೆ ಮೊದಲೇ ಶಾಲೆ ಬಿಡಿಸಿ, ಕೆಲವು ವರ್ಷ ಕಳೆದ ಮೇಲೆ ಊರಲ್ಲೇ ಇದ್ದ ಸೋದರಮಾವನ ಮಗ ಅಪ್ಪಯ್ಯಣ್ಣನಿಗೆ ಕೊಟ್ಟರು. ಅವಳನ್ನು ಯಾರೂ ಕೇಳಲಿಲ್ಲ. ಅಪ್ಪಯ್ಯಣ್ಣ ಸಾಧು ಮನುಷ್ಯ, ಅದು ಬೇರೆ ಮಾತು. ಎಂಟು ವರ್ಷದ ಹಿಂದೆ ಅವನೂ ಅವನ ಅಣ್ಣತಮ್ಮಂದಿರೂ ಕೂತು ಮಾತಾಡಿ, ಜಮೀನು ಮಾರಿ, ದೇವನಹಳ್ಳಿಗೆ ಹೋಗಿ ರಿಜಿಸ್ಟರ್ ಮಾಡಿಸಿಕೊಟ್ಟು ಬಂದರು. ಸಂಜೆ ಅವನು ಮೈಸೂರುಪಾಕಿನ ಪೊಟ್ಟಣ ಅವಳ ಕೈಗಿಟ್ಟು “ಕೊಟ್ಬಿಟ್ವಿ ಕಣೇ” ಅಂದ. ಹೊಲದಲ್ಲಿ ಅವಳು ಹಾಕಿದ ಅವರೆ ಕಾಯಿಗೆ ಬಂದಿತ್ತು. “ಬೇಡ ಅಂತಿರ್ಲಿಲ್ಲ ಮೇಷ್ಟ್ರೇ. ಕಾಯಿ ಕಿತ್ಕೊಂಡ್ ಕೊಡೋಣ ಅಂತಿದ್ದೆ, ಅಷ್ಟೇ” ಎಂದು ಹಿಂದೊಮ್ಮೆ ಹೇಳಿದ್ದಳು.

“ನಾನು ಕ್ಲಾಸಲ್ಲಿ ನಿನ್ನ ಪ್ರಶ್ನೆ ಕೇಳ್ತಿರಲಿಲ್ವಾ?” ಅಂದೆ, ಸಮಾಧಾನಕ್ಕೆ.

“ನೀವು ಮುಂದಿನ ಬೆಂಚಿನ ಹುಡುಗರನ್ನ ಬಿಟ್ಟು ಯಾರನ್ನ ಕೇಳಿದ್ರಿ ಬಿಡಿ ಮೇಷ್ಟ್ರೇ” ಅಂದು ನಕ್ಕಳು. ನಾನು ನಗಲಿಲ್ಲ.

ಸೋಮವಾರ ಸಂಜೆ ನಮ್ಮ ಹಜಾರದಲ್ಲಿ ಪಾಠ ನಡೆಯಿತು. ಮೇಡಂ ತಾವಾಗಿ ಮತ್ತೆ ಕೇಳುವುದಿಲ್ಲ, ಹಾಗಾಗಿ ಬಾಗಿಲನ್ನು ಇವಳೇ ತಟ್ಟಬೇಕು. ಇಂಗ್ಲಿಷಿನಲ್ಲಿ ಒಂದು ಅನುಕೂಲವಿದೆ. ಮೊದಲ ಮಾತು ನೀನು ಆಡಿದರೆ ಅದರ ಜೋಡಿ ಮಾತನ್ನು ಅವರು ಆಡಲೇಬೇಕು. ‘ಮೇಡಂ, ಕ್ಯಾನ್ ಐ ಸೇ ಸಮ್ಥಿಂಗ್?’ ಅಂದರೆ ಅವರು ‘ಯೆಸ್’ ಅನ್ನದೆ ವಿಧಿಯಿಲ್ಲ. ಆಮೇಲೆ ನಿನ್ನ ಸರದಿ, ನೀನು ಮುಗಿಸುವವರೆಗೆ ಅವರು ಬಾಯಿ ಹಾಕುವುದಿಲ್ಲ. ಆಗ ‘ಐ ವಾಂಟ್ ದಿಸ್ ವರ್ಕ್’ ಅನ್ನು. ಅವರು ಹಾಗಾದರೆ ನೋಡಿಕೊಳ್ಳುತ್ತೀಯಾ ಅಂದರೆ ತಕ್ಷಣ ಯೆಸ್ ಅನ್ನು, ಅಲ್ಲಿಗೆ ಮಾತು ಮುಗಿಯಿತು. ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಬಿಡಬೇಡ, ಅವರಲ್ಲಿ ಮೌನ ಅಂದರೆ ಇಲ್ಲ ಅಂತ.

ಎಲ್ಲ ಬಂತು. ತಕ್ಷಣದ ಯೆಸ್ ಮಾತ್ರ ಬರಲಿಲ್ಲ. ನಾನು ಮೇಡಂ ಆಗಿ ಕೇಳಿದಾಗಲೆಲ್ಲ ಅವಳ ತಲೆ ತಾನಾಗಿ ಅಡ್ಡ ಆಡಿ “ನೋ ನೋ” ಅನ್ನುತ್ತಿತ್ತು.

“ನಾಚಿಕೆ ಆಗ್ತದೆ ಮೇಷ್ಟ್ರೇ. ಕೇಳಿದ ತಕ್ಷಣ ಬಾಯಿ ತೆಗೆಯೋದು ಅಂದ್ರೆ, ಹೆಂಗೋ ಆಗ್ತದೆ.”

ಪಾಪಮ್ಮ ಒಳಗೆ ಹೋಗಿ ಕೋಡುಬಳೆ ಡಬ್ಬಿ ತಂದಳು. “ನಿಮ್ಮದು ಬರೀ ಪುರಾಣ, ಸರೀರಿ ಆಚೆ” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, “ತಗೋತೀಯಾ?” ಅಂದಳು.

“ಬ್ಯಾಡ ಅಕ್ಕ.”

ಪಾಪಮ್ಮ ಡಬ್ಬಿ ಮುಚ್ಚಿದಳು. “ಹೋಯ್ತು. ಇನ್ ಕೇಳಲ್ಲ. ತಗೋತೀಯಾ?”

“ಬ್ಯಾ...” ಅಂದವಳು ಬಾಯಿ ಮುಚ್ಚಿಕೊಂಡಳು. ಡಬ್ಬಿ ಮತ್ತೆ ಮುಚ್ಚಿತು. ಹತ್ತನೇ ಸಲವೋ ಹನ್ನೊಂದನೇ ಸಲವೋ, ಕಣ್ಣು ಬಿಗಿಯಾಗಿ ಮುಚ್ಚಿ “ಯೆಸ್” ಎಂದು ಕಿರುಚಿದಳು. ಪಕ್ಕದ ಮನೆಯವರು ಇಣುಕಿ ನೋಡಿದರು. ಆ ಕೋಡುಬಳೆಯನ್ನು ಅವಳು ಅಲ್ಲಿ ತಿನ್ನಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮಂಗಳವಾರ ಬೆಳಿಗ್ಗೆ ಅವಳ ಜೊತೆ ನಾನೂ ಹೋದೆ. ಕರೆದುಕೊಂಡು ಹೋದವನು ಚಲಪತಿ, ನಾಯಿಗಳನ್ನು ಸಿಟಿಯಿಂದ ತಂದು ಬಿಡುವ ಹಾಸ್ಟೆಲಿನ ವ್ಯಾನ್ ಡ್ರೈವರ್. ದಾರಿಯುದ್ದಕ್ಕೂ ಮುನಿತಾಯಮ್ಮ ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಚಲಪತಿ ಒಬ್ಬನೇ ಮುಸಿಮುಸಿ ನಗುತ್ತಿದ್ದ. ಇವನಿಗೇನು ಬಂತು ದೊಡ್ಡ ರೋಗ ಅಂದುಕೊಂಡೆ.

ಗೇಟು ದಾಟುತ್ತಿದ್ದಂತೆ ನಾಯಿಗಳು ಅವಳಿಗೆ ಬಾಲ ಆಡಿಸಿ, ನನ್ನನ್ನು ಕಂಡು ಬೊಗಳಿದವು. ಹೆಲೆನ್ ಮೇಡಂ ವರಾಂಡದ ಮೇಜಿನ ಮುಂದೆ ಕಾಗದಗಳನ್ನಿಟ್ಟುಕೊಂಡು ಕೂತಿದ್ದರು. ನಾನು ಮೆಟ್ಟಿಲ ಕೆಳಗೇ ನಿಂತೆ. ಮುನಿತಾಯಮ್ಮ ಮೇಲೆ ಹೋಗಿ ಸೆರಗು ಸರಿಮಾಡಿಕೊಂಡು, “ಮೇಡಂ, ಕ್ಯಾನ್ ಐ...” ಅಂದಳು.

ಅದೇ ಗಳಿಗೆಗೆ ಮೇಡಂ, “ಮುನಿತಾಯಮ್ಮ, ಕ್ಯಾನ್ ಐ...” ಅಂದರು.

ಇಬ್ಬರೂ ನಿಲ್ಲಿಸಿದರು. ಇಬ್ಬರೂ ‘ಸಾರಿ’ ಅಂದರು. ಮೇಡಂ ಕೈ ತೋರಿಸಿ ನೀನು ಮೊದಲು ಅಂದರು. ಇವಳು ಅಭ್ಯಾಸಬಲದಿಂದ “ನೋ ನೋ, ಯೂ ಮೇಡಂ” ಅಂದಳು. ಕೆಳಗೆ ನಾನು ಹಣೆ ಚಚ್ಚಿಕೊಂಡೆ.

ಮೇಡಂ ಎದ್ದು ಅವಳ ಎದುರು ಬಂದು ನಿಂತರು. ನಿನ್ನನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸಿದೆ, ಎಂದು ಇಂಗ್ಲಿಷಿನಲ್ಲಿ ಹೇಳಿ, “ಈ ಜಾಗವನ್ನು ನೋಡಿಕೊಳ್ಳಲು ನಿನಗೆ...” ಎಂದು ಇನ್ನೂ ಪ್ರಶ್ನೆಯ ನಡುವೆ ಇದ್ದರು.

“ಯೆಸ್!” ಅಂದಳು ಮುನಿತಾಯಮ್ಮ, ಕಣ್ಣು ಮುಚ್ಚಿಕೊಂಡು. ಗೂಡಿನಲ್ಲಿದ್ದ ಒಂದು ದೊಡ್ಡ ನಾಯಿ ಎದ್ದು ನಿಂತಿತು.

ಗೆದ್ದೆವು ಅಂದುಕೊಂಡೆ. ಆದರೆ ಮೇಡಂ ಎರಡನೇ ಬೆರಳು ಮಡಿಚಿಕೊಂಡು, ತುಸು ಅನುಮಾನದ ಮುಖದಲ್ಲಿ, “ಆರ್ ಯೂ ಶ್ಯೂರ್?” ಅಂದರು.

ಮುನಿತಾಯಮ್ಮ ಕಣ್ಣು ಬಿಟ್ಟಳು. ಒಂದು ಸಲ ಹೌದು ಅಂದ ಮೇಲೆ ಮಾತು ಮುಗಿಯಿತು ಎಂದು ನಾನೇ ಹೇಳಿಕೊಟ್ಟಿದ್ದೆ. ಇದನ್ನು ಹೇಳಿಕೊಟ್ಟಿರಲಿಲ್ಲ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದಾರೆ ಅನ್ನಿಸಿತೇನೋ, ತಿರುಗಿ ನನ್ನನ್ನು ನೋಡಿದಳು. ಅವಳ ಮೌನ ನೋಡಿ ಮೇಡಂ ಮುಖವೂ ಬಾಡತೊಡಗಿತು, ಅವರ ಲೆಕ್ಕದಲ್ಲಿ ಮೌನ ಅಂದರೆ ಇಲ್ಲ ಅಂತಲ್ಲವೇ? ನಾನು ಕೂಗಿ ಹೇಳಿಬಿಡಲೇ ಅಂದುಕೊಂಡೆ. ಚಲಪತಿ ನನ್ನ ಮೊಣಕೈ ಹಿಡಿದು, “ತಡೀರಿ ಮೇಷ್ಟ್ರೇ, ಇನ್ನೊಂದೈತೆ” ಅಂದ.

ಮೇಡಂ ಮೂರನೇ ಬೆರಳು ಮಡಿಚಿದರು. ಅಂಗೈಯಲ್ಲಿ ಏನೋ ಬರೆದುಕೊಂಡಿದ್ದರು, ಅದನ್ನು ನೋಡಿ ನೋಡಿ, ಒಂದೊಂದೇ ಅಕ್ಷರ ಜೋಡಿಸಿಕೊಂಡು ಕನ್ನಡದಲ್ಲಿ ಕೇಳಿದರು.

“ಮುನಿತಾಯಮ್ಮ, ನೀವು, ನೋಡ್ಕೋತೀರಾ?”

ಮುನಿತಾಯಮ್ಮ ಅವರನ್ನೇ ನೋಡಿದಳು. ಮೂರನೇ ಸಲ, ಅದೂ ನೀವು ಅಂತ. ಅವಳ ಕಣ್ಣು ತುಂಬಿಕೊಂಡಿತು, ನನ್ನದೂ ಅಷ್ಟೇ, ಮುಚ್ಚಿಡುವುದೇಕೆ.

“ಹೂಂ” ಅಂದಳು. “ಹೂಂ ಮೇಡಂ. ನೋಡ್ಕೋತೀನಿ. ಮೊದಲ್ನೇ ಸಲಾನೇ ಅನ್ಬೇಕಿತ್ತು, ನೋಡ್ಕೋತೀನಿ.”

ಮೇಡಂಗೆ ಪೂರ್ತಿ ಅರ್ಥವಾಗಲಿಲ್ಲ, ಹೂಂ ಸಾಕಾಯಿತು. ಇಬ್ಬರೂ ಕೈ ಹಿಡಿದುಕೊಂಡು ಒಟ್ಟಿಗೆ ಮಾತಾಡಿದರು, ಒಬ್ಬರು ಇಂಗ್ಲಿಷು, ಒಬ್ಬರು ಕನ್ನಡ. ಸರದಿಯನ್ನು ಯಾರೂ ಕೇಳಲಿಲ್ಲ. ಏಜೆನ್ಸಿಯ ಕಾಗದಗಳನ್ನು ಮೇಡಂ ಮಡಿಚಿ ಪಕ್ಕಕ್ಕಿಟ್ಟು ಫೋನ್ ಎತ್ತಿಕೊಂಡರು.

“ಎಲ್ಲಾ ನಿನ್ದೇ ಕೆಲಸ ಅಲ್ವೇನೋ?” ಅಂದೆ ಚಲಪತಿಗೆ.

“ನಾನೇನ್ ಮಾಡ್ದೆ ಮೇಷ್ಟ್ರೇ? ನಿನ್ನೆ ಮೇಡಮ್ಮು ಬೇಜಾರಲ್ಲಿ, ಮುನಿತಾಯಮ್ಮಂಗೆ ಯಾಕೋ ಇಷ್ಟ ಇಲ್ಲ ಅಂದ್ರು. ಎಷ್ಟ್ ಸಲ ಕೇಳಿದ್ರಿ ಅಂದೆ. ಒಂದ್ಸಲ ಅಂದ್ರು. ಅಯ್ಯೋ ಮೇಡಂ, ಒಂದ್ಸಲ ಕೇಳಿದ್ರೆ ನಮ್ಮೋರು ನೀರೂ ಕುಡಿಯಲ್ಲ, ಮೂರ್ಸಲ ಕೇಳಿ ಅಂದೆ. ಅಷ್ಟೇ ಗುರುಗಳೇ.”

ನಾನು ಎರಡು ಸಂಜೆ ಕುತ್ತಿಗೆ ನರ ಹರಿಯುವಂತೆ ಕಲಿಸಿದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ್ದ. ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ಅಷ್ಟು ನಿರಾಳವಾಗಿ ಉಸಿರು ಬಿಟ್ಟು ಎಷ್ಟು ದಿನವಾಗಿತ್ತೋ.

ಸಂಜೆ ಮುನಿತಾಯಮ್ಮ ನಮ್ಮ ಮನೆಗೆ ಬಂದಳು. ಅಪ್ಪಯ್ಯಣ್ಣನಿಗೆ ವಿಷಯ ಹೇಳಿದಳಂತೆ. “ನನ್ ಒಂದ್ ಮಾತು ಕೇಳ್ಲಿಲ್ವಲ್ಲೇ ನೀನು” ಅಂದನಂತೆ ಅವನು. “ಈಗ ತಿಂಡಿ ಪೊಟ್ಟಣ ಕೊಡೋ ಸರದಿ ನಂದು” ಎಂದು ಸೆರಗಿನಲ್ಲಿದ್ದ ಕೋಡುಬಳೆಯನ್ನು ಅವನ ಕೈಗಿಟ್ಟಳಂತೆ. ಹೇಳುತ್ತ ಹೇಳುತ್ತ ನಕ್ಕು ಸುಸ್ತಾದಳು.

ಪಾಪಮ್ಮ ಒಳಗಿನಿಂದ ಎಂದಿನಂತೆ, “ಮುನಿತಾಯಿ, ಕಾಫಿ ಕುಡೀತೀಯಾ?” ಅಂದಳು.

“ಹೂಂ, ಕೊಡಿ ಪಾಪಕ್ಕ.”

ಅಡುಗೆಮನೆಯಲ್ಲಿ ಸದ್ದು ನಿಂತುಹೋಯಿತು. ಪಾಪಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಮನೆಯಲ್ಲಿ ತೊಟ್ಟು ಹಾಲಿರಲಿಲ್ಲ. ಎರಡು ‘ಬೇಡ’ ಮುಗಿಯುವಷ್ಟರಲ್ಲಿ ಹಿಂಬಾಗಿಲಿನಿಂದ ಪಕ್ಕದ ಮನೆಗೆ ಹೋಗಿ ತಂದರಾಯಿತು ಎಂದು ಅವಳ ಲೆಕ್ಕ.

ನಾನೇ ಎದ್ದು ಚಪ್ಪಲಿ ಮೆಟ್ಟಿದೆ. “ಒಂದು ಪ್ಯಾಕೆಟ್ ಹಾಲು ಸಾಕಲ್ಲ?” ಅಂದೆ.

“ಎರಡು ತನ್ನಿ” ಅಂದಳು ಪಾಪಮ್ಮ. “ನಂಗೂ ಬೇಕು ಕಾಫಿ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನೀವು ಒಂದ್ಸಲಾನೂ ಕೇಳಿಲ್ಲ. ಕೇಳ್ದೇ ಇದ್ರೂ ಇವತ್ತು ಹೇಳ್ತಿದೀನಿ.”

ಎರಡು ಪ್ಯಾಕೆಟ್ ತಂದೆ. ಕಾಫಿಯನ್ನು ನಾನೇ ಮಾಡಿದೆ.